ದಾವಣಗೆರೆಯಲ್ಲೊಂದು ದಕ್ಕೆ: ಪುಟ್ಟ ಮಾದರಿ ರೈಲು ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ನಡುಕೋಣೆಯಲ್ಲಿ ಐದಡಿ ಉದ್ದದ ಹಲಗೆಯೊಂದಿದೆ. ಅದರ ಮೇಲೆ ಒಂದು ದಕ್ಕೆ, ಎಂದರೆ ಬಂದರು ಕಟ್ಟೆ, ಮೂರು ಹಳಿ, ಎಂಟು ವ್ಯಾಗನ್, ಒಂದು ಎಂಜಿನ್. ನೋಡಲು ಬಂದವರು, ಕಾಗದ ಬರೆದವರು, ಫೋನಿನಲ್ಲಿ ವಿಚಾರಿಸಿದವರು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲ ಬಾರಿಗೆ ಕೈ ಹಾಕುವವರು ಮೇಲಿನಿಂದ ಓದಿ. ಈಗಾಗಲೇ ಹಳಿ ಹಾಕಿ ಕುಳಿತಿರುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

ಮೊದಲ ಹೆಜ್ಜೆಯವರಿಗೆ

ಮಾದರಿ ರೈಲು ಲೇಔಟ್ ಎಂದರೆ ಏನು? ಆಟಿಕೆ ರೈಲಿಗೂ ಇದಕ್ಕೂ ಏನು ವ್ಯತ್ಯಾಸ?

ಆಟಿಕೆ ರೈಲು ದುಂಡಗೆ ಸುತ್ತುತ್ತದೆ. ಲೇಔಟಿನಲ್ಲಿ ರೈಲಿಗೆ ಒಂದು ಊರು, ಒಂದು ಕೆಲಸ ಇರುತ್ತದೆ. ಹಳಿ, ಕಟ್ಟಡ, ನೆಲ, ಜನ ಎಲ್ಲವೂ ಒಂದೇ ಪ್ರಮಾಣದಲ್ಲಿ ಚಿಕ್ಕದಾಗಿರುತ್ತವೆ. 1:87 ಎಂದರೆ ನಿಜವಾದ 87 ಸೆಂಟಿಮೀಟರ್ ಇಲ್ಲಿ 1 ಸೆಂಟಿಮೀಟರ್. ನನ್ನ ಲೇಔಟಿನಲ್ಲಿ ರೈಲು ಎಲ್ಲಿಗೂ ಹೋಗುವುದಿಲ್ಲ. ವ್ಯಾಗನ್‌ಗಳನ್ನು ಬಿಡಿಸುತ್ತದೆ, ಜೋಡಿಸುತ್ತದೆ, ದಕ್ಕೆಯ ಅಂಚಿಗೆ ತಂದು ನಿಲ್ಲಿಸುತ್ತದೆ. ಅಷ್ಟರಲ್ಲೇ ಒಂದು ಸಂಜೆ ಕಳೆಯುತ್ತದೆ.

ಸಮುದ್ರವೇ ಇಲ್ಲದ ಊರಿನಲ್ಲಿ ಕುಳಿತು ಬಂದರು ಯಾಕೆ? ಚಿತ್ರದುರ್ಗದ ಕೋಟೆ, ಸೂಳೆಕೆರೆ ಮಾಡಬಾರದೇ?

ಖಂಡಿತ ಮಾಡಬಹುದು, ಮಾಡಿದರೆ ನನ್ನನ್ನು ಕರೆಯಿರಿ. ನಾನು ದಕ್ಕೆಯನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ.

ಮೊದಲನೆಯದು ಜಾಗ. ಬಯಲು ಸೀಮೆಯ ನಿಲ್ದಾಣ ಮಾಡಿದರೆ ಹಳಿ ಎರಡೂ ಕಡೆ ಓಡಿಹೋಗಬೇಕು. ಹಲಗೆಯ ತುದಿಯಲ್ಲಿ ಅದನ್ನು ಕತ್ತರಿಸಿದರೆ ನೋಡುವವರ ಕಣ್ಣು ಒಪ್ಪುವುದಿಲ್ಲ. ದಕ್ಕೆಯಲ್ಲಿ ಹಾಗಲ್ಲ. ಅಲ್ಲಿ ನೆಲವೇ ಮುಗಿಯುತ್ತದೆ, ಹಳಿಯೂ ಮುಗಿಯಲೇಬೇಕು. ಎಂಜಿನ್ ಚಿಕ್ಕದು, ವೇಗ ಕಡಿಮೆ, ತಿರುವು ಕಡಿದು. ಐದಡಿಯಲ್ಲಿ ಸುಳ್ಳು ಹೇಳದೆ ಕಟ್ಟಬಹುದಾದ ರೈಲು ದೃಶ್ಯಗಳು ಬಹಳ ಇಲ್ಲ, ಇದು ಅವುಗಳಲ್ಲೊಂದು.

ಎರಡನೆಯದು ನಮ್ಮ ಊರಿನದೇ ಕಥೆ. ದಾವಣಗೆರೆಯ ಹಳಿ ಮೊದಲು ಮೀಟರ್ ಗೇಜ್ ಆಗಿತ್ತು, ಎಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಹರಿಹರ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ದಾಟಿ ಗೋವೆಯ ಮುರಗಾಂವ್ ಬಂದರಿನವರೆಗೂ ಅದೇ ಗೇಜ್. ಘಟ್ಟ ಇಳಿಯುವ ಆ ಹಳಿ 1888ರಲ್ಲಿ ತೆರೆಯಿತು. ಎಂದರೆ ಇಲ್ಲಿ ಹತ್ತಿ ತುಂಬಿದ ವ್ಯಾಗನ್ ಎಲ್ಲೂ ಸರಕು ಇಳಿಸಿ ಬದಲಿಸದೆ ಸಮುದ್ರದ ಅಂಚಿನಲ್ಲಿ ನಿಲ್ಲಬಹುದಿತ್ತು. 1990ರ ದಶಕದಲ್ಲಿ ನಮ್ಮ ಹಳಿ ಇನ್ನೂ ಅಗಲದ ಬ್ರಾಡ್ ಗೇಜ್ ಆಯಿತು. ಹತ್ತಿಯ ಊರಿಗೂ ಹಡಗಿಗೂ ಇದ್ದ ಆ ಒಂದೇ ಅಗಲದ ದಾರಿ ನನ್ನ ತಲೆಯಿಂದ ಹೋಗಲಿಲ್ಲ. ಹಲಗೆಯ ಮೇಲಿನ ದಕ್ಕೆ ಕಲ್ಪಿತವೇ, ಆದರೆ ಅದರ ಮೇಲಿನ ಹತ್ತಿಯ ಅಂಡಿಗೆಗಳು ದಾವಣಗೆರೆಯವು.

ಸ್ಕೇಲ್, ಗೇಜ್ ಎರಡೂ ಒಂದೇ ಅಲ್ಲವೇ? ಎನ್, ಎಚ್‌ಒ, ಒಒ ಎಂದರೆ ತಲೆ ತಿರುಗುತ್ತದೆ

ಒಂದೇ ಅಲ್ಲ. ಸ್ಕೇಲ್ ಎಂದರೆ ಎಷ್ಟು ಪಟ್ಟು ಚಿಕ್ಕದು ಎಂಬುದು. ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ. ಎಚ್‌ಒ 1:87, ಬ್ರಿಟನ್ನಿನಲ್ಲಿ ಹೆಚ್ಚು ನಡೆಯುವ ಒಒ 1:76. ಎರಡೂ ಓಡುವುದು 16.5 ಮಿಲಿಮೀಟರ್ ಹಳಿಯ ಮೇಲೆ. ಎನ್ ಇನ್ನೂ ಚಿಕ್ಕದು, ಹಳಿ 9 ಮಿಲಿಮೀಟರ್. ಯುರೋಪು, ಅಮೆರಿಕದವರು ಅದನ್ನು 1:160, ಜಪಾನಿನವರು 1:150, ಬ್ರಿಟಿಷರು 1:148 ಪ್ರಮಾಣದಲ್ಲಿ ಮಾಡುತ್ತಾರೆ.

ಮೊದಲ ಲೇಔಟಿಗೆ 16.5 ಮಿಲಿಮೀಟರ್ ಹಳಿಯನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಎನ್ ಚಿಕ್ಕ ಜಾಗಕ್ಕೆ ಒಳ್ಳೆಯದೇ. ಆದರೆ ಶಂಟಿಂಗ್, ಎಂದರೆ ವ್ಯಾಗನ್ ಬಿಡಿಸಿ ಜೋಡಿಸುವ ಕೆಲಸ, ಮಾಡುವಾಗ ನಿಧಾನಗತಿಯಲ್ಲಿ ಚಲಿಸುವ ಭಾರವಾದ ಎಂಜಿನ್ ಬೇಕು, ಕೊಂಡಿ ಬಿಡಿಸಲು ಬೆರಳಿಗೆ ಜಾಗ ಬೇಕು. ನಮ್ಮ ಊರಿನ ಧೂಳಿನಲ್ಲಿ ಹಗುರವಾದ ಎಂಜಿನ್ ಬೇಗ ನಿಂತುಬಿಡುತ್ತದೆ.

ಸಾಮಾನು ಎಲ್ಲಿ ಸಿಗುತ್ತದೆ? ತುಂಬಾ ದುಬಾರಿಯೇ?

ಎಂಜಿನ್, ವ್ಯಾಗನ್, ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ ಈ ಮೂರು ಬಹುಪಾಲು ಹೊರದೇಶದಿಂದ ಬರುತ್ತವೆ. ನೀವೇ ತರಿಸಿಕೊಂಡರೆ ಕಸ್ಟಮ್ಸ್ ಸುಂಕವನ್ನೂ ಸೇರಿಸಿ ಲೆಕ್ಕ ಹಾಕಿ. ದುಡ್ಡೆಲ್ಲ ಇವಕ್ಕೇ ಇರಲಿ. ಉಳಿದದ್ದೆಲ್ಲ ಊರಿನಲ್ಲೇ ಸಿಗುತ್ತದೆ: ಬಡಗಿಯ ಅಂಗಡಿಯಲ್ಲಿ ಉಳಿದ ಪ್ಲೈವುಡ್ ತುಂಡು, ಫಲಕ ಬರೆಯುವವರ ಬಳಿ ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆಯ ಚೂರು, ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್, ಔಷಧ ಅಂಗಡಿಯ ಬ್ಯಾಂಡೇಜ್ ಬಟ್ಟೆ. ನನ್ನದು ಒಂದೇ ಎಂಜಿನ್. ಎರಡು ಅಗ್ಗದ ಎಂಜಿನ್‌ಗಿಂತ ಎಲ್ಲ ಗಾಲಿಗಳಿಂದಲೂ ವಿದ್ಯುತ್ ಎಳೆದುಕೊಳ್ಳುವ ಒಂದು ಒಳ್ಳೆಯ ಎಂಜಿನ್ ಮೇಲು.

ಜಾಗ, ಅಳತೆ, ಹಲಗೆ

ಕಡಿಮೆ ಎಂದರೆ ಎಷ್ಟು ಜಾಗ ಬೇಕು? ಗೋಡೆಯ ಗೂಡಿನಲ್ಲಿ ಹಿಡಿಯುತ್ತದೆಯೇ?

150 ಸೆಂಟಿಮೀಟರ್ ಉದ್ದ, 35 ಸೆಂಟಿಮೀಟರ್ ಅಗಲ ಸಾಕು. ಅಗಲವನ್ನು ನಾನು ಹಂಚಿಕೊಂಡದ್ದು ಹೀಗೆ: ಮುಂದುಗಡೆ ನೀರಿಗೆ 9, ದಕ್ಕೆಯ ಅಂಚಿಗೆ 4, ಮೂರು ಹಳಿಗೆ 14, ಹಿಂದಿನ ಗೋದಾಮಿಗೆ 8. ಗೋದಾಮು ಪೂರ್ತಿ ಕಟ್ಟಡವಲ್ಲ, ಮುಂದಿನ ಗೋಡೆ ಮತ್ತು ಅರ್ಧ ಮಾಡು ಮಾತ್ರ.

ಮೂರು ಹಳಿ, ಎರಡು ಪಾಯಿಂಟ್ ಇಟ್ಟುಕೊಂಡು ಎಷ್ಟು ಹೊತ್ತು ಆಡಲು ಸಾಧ್ಯ? ಬೇಸರ ಬರುವುದಿಲ್ಲವೇ?

ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ಇಂಗ್ಲ್‌ನುಕ್ ಸೈಡಿಂಗ್ಸ್ ಎಂಬ ಶಂಟಿಂಗ್ ಒಗಟಿನಲ್ಲಿದೆ. ಒಂದು ಹಳಿಯಲ್ಲಿ ಐದು ವ್ಯಾಗನ್ ಹಿಡಿಯಬೇಕು, ಉಳಿದ ಎರಡರಲ್ಲಿ ಮೂರು ಮೂರು. ಪಾಯಿಂಟ್‌ಗಳ ಈಚೆ ಎಂಜಿನ್ ಹಿಂದೆ ಮುಂದೆ ಆಡುವ ಶಂಟಿಂಗ್ ನೆಕ್‌ನಲ್ಲಿ ಎಂಜಿನ್ ಜೊತೆ ಮೂರು ವ್ಯಾಗನ್ ಮಾತ್ರ ನಿಲ್ಲಬೇಕು. ಒಟ್ಟು ಎಂಟು ವ್ಯಾಗನ್. ಎಂಟು ಚೀಟಿ ಬರೆದು ಐದನ್ನು ಎತ್ತಿ. ಬಂದ ಕ್ರಮದಲ್ಲೇ ಆ ಐದು ವ್ಯಾಗನ್‌ಗಳನ್ನು ಉದ್ದದ ಹಳಿಯಲ್ಲಿ ನಿಲ್ಲಿಸಬೇಕು.

ಸುಲಭ ಅನಿಸುತ್ತದೆ. ಮೂರನೆಯ ವ್ಯಾಗನ್ ಹೊತ್ತಿಗೆ ನೀವು ಕೈ ಗದ್ದಕ್ಕೆ ಹಚ್ಚಿ ಕುಳಿತಿರುತ್ತೀರಿ. ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸುವ ಬಗೆಗಳು 8×7×6×5×4, ಅಂದರೆ 6,720. ದಿನಕ್ಕೊಂದು ಆಡಿದರೂ ಹದಿನೆಂಟು ವರ್ಷ ಆಗುತ್ತದೆ. ಅಳತೆಯಲ್ಲಿ ಉದಾರಿಯಾಗಬೇಡಿ: ಶಂಟಿಂಗ್ ನೆಕ್ ನಾಲ್ಕು ವ್ಯಾಗನ್ ಹಿಡಿಯುವಷ್ಟು ಉದ್ದವಾದರೆ ಒಗಟಿನ ಬಿಗಿ ಸಡಿಲವಾಗುತ್ತದೆ.

ಹಲಗೆಯನ್ನು ಎರಡು ಭಾಗ ಮಾಡಿ ಮಡಚಿ ಇಡಬಹುದೇ?

ಮಾಡಬಹುದು, ಆದರೆ ಸರಿ ಅರ್ಧಕ್ಕೆ ಕೊಯ್ಯಬೇಡಿ. ಲೆಕ್ಕ ನೋಡಿ. 13 ಸೆಂಟಿಮೀಟರ್ ಎಂಜಿನ್, ಕೊಂಡಿ ಸೇರಿ 10 ಸೆಂಟಿಮೀಟರ್‌ನ ಮೂರು ವ್ಯಾಗನ್: ಶಂಟಿಂಗ್ ನೆಕ್ 45 ಎಂದಿಟ್ಟುಕೊಳ್ಳಿ. ಪೀಕೊ ಕಂಪನಿಯ ಚಿಕ್ಕ ಪಾಯಿಂಟ್ 18.5 ಸೆಂಟಿಮೀಟರ್ ಉದ್ದ. ಎರಡು ಪಾಯಿಂಟ್ ಒಂದರ ಹಿಂದೆ ಒಂದು ಬಂದರೆ 82ಕ್ಕೆ ಮುಗಿಯುತ್ತವೆ. 75ರಲ್ಲಿ ಕೊಯ್ದರೆ ಗರಗಸ ನೇರವಾಗಿ ಎರಡನೆಯ ಪಾಯಿಂಟಿನ ಮೇಲೆ ಹೋಗುತ್ತದೆ. ಹಾಗಾಗಿ ಒಂದು ಭಾಗ 85, ಇನ್ನೊಂದು 65. ಆಚೆಯ ಭಾಗದಲ್ಲಿ ನೇರ ಹಳಿಗಳು ಮಾತ್ರ ಜೋಡಣೆ ದಾಟುತ್ತವೆ.

ಎರಡು ಭಾಗ ಪ್ರತಿ ಸಲವೂ ಕೂದಲೆಳೆ ತಪ್ಪದೆ ಸೇರಬೇಕಲ್ಲ? ಅದಕ್ಕೆ ಬಾಗಿಲಿನ ಹಿತ್ತಾಳೆ ಕೀಲು ಎರಡು ಜೊತೆ ಸಾಕು. ಕೀಲಿನ ಒಂದು ರೆಕ್ಕೆ ಈ ಹಲಗೆಗೆ, ಇನ್ನೊಂದು ಆ ಹಲಗೆಗೆ. ನಡುವಿನ ಕಡ್ಡಿಯನ್ನು ಹೊರತೆಗೆದು ಅಲ್ಲಿ ಗಟ್ಟಿ ತಂತಿ ತೂರಿಸಿ. ತಂತಿ ಎಳೆದರೆ ಹಲಗೆಗಳು ಬೇರೆ, ತೂರಿಸಿದರೆ ಒಂದು. ಕೀಲು ಜೋಡಿಸಿದ ಮೇಲೆ ಹಳಿಯನ್ನು ಅಖಂಡವಾಗಿ ಹಾಕಿ, ಜೋಡಣೆಯ ಎರಡೂ ಕಡೆ ಹಿತ್ತಾಳೆ ಸ್ಕ್ರೂ ಬಿಗಿದು, ಹಳಿಯನ್ನು ಅದರ ತಲೆಗೆ ಬೆಸುಗೆ ಹಾಕಿ. ಹಳಿಯನ್ನು ಕೊಯ್ಯುವುದು ಆಮೇಲೆ.

ಥರ್ಮಾಕೋಲ್ ಸಾಕಾಗುವುದಿಲ್ಲವೇ? ಪ್ಲೈವುಡ್ ಭಾರವಲ್ಲವೇ?

ಬರೀ ಥರ್ಮಾಕೋಲ್ ಬೇಡ, ಬಾಗುತ್ತದೆ. ಒಂಬತ್ತು ಮಿಲಿಮೀಟರ್ ಪ್ಲೈವುಡ್, ಕೆಳಗೆ ಅದರದೇ ಏಳು ಸೆಂಟಿಮೀಟರ್ ಪಟ್ಟಿಗಳ ಚೌಕಟ್ಟು. ಮಣ್ಣಿನ ದಿಬ್ಬಕ್ಕೆ ಥರ್ಮಾಕೋಲ್ ಬಳಸುವುದಾದರೆ ಫೆವಿಕಾಲ್‌ನಂತಹ ಬಿಳಿ ಅಂಟನ್ನೇ ಹಾಕಿ. ಚಪ್ಪಲಿ ಅಂಟಿಸುವ ಹಳದಿ ಅಂಟು ತಾಗಿದರೆ ಥರ್ಮಾಕೋಲ್ ಕರಗಿಹೋಗುತ್ತದೆ. ಹಲಗೆಯ ಅಡಿಗೂ ಬಣ್ಣ ಬಳಿಯಿರಿ. ಒಂದೇ ಮಗ್ಗುಲಿಗೆ ಬಳಿದರೆ ಮಳೆಗಾಲದ ತೇವಕ್ಕೆ ಹಲಗೆ ಸೊಟ್ಟಗಾಗುತ್ತದೆ.

ಹಳಿ ಮತ್ತು ವಿದ್ಯುತ್

ಹಳೆಯ ಅಡಾಪ್ಟರ್ ಮನೆಯಲ್ಲಿದೆ, ಅದನ್ನೇ ಹಾಕಬಹುದೇ?

ಅದರ ಬೆನ್ನ ಮೇಲಿನ ಬರಹ ಓದಿ. ಹೊರಬರುವುದು 12 ವೋಲ್ಟ್ ಡಿಸಿ ಎಂದಿರಬೇಕು. ಕೆಲವು ಅಡಾಪ್ಟರ್ ಎಸಿಯನ್ನೇ ಹೊರಬಿಡುತ್ತವೆ. ಅಂಥದ್ದನ್ನು ನೇರವಾಗಿ ಹಳಿಗೆ ಕೊಟ್ಟರೆ ಡಿಸಿ ಮೋಟಾರ್ ಓಡುವುದಿಲ್ಲ, ಗುಂಯ್‌ಗುಟ್ಟಿ ಬಿಸಿಯಾಗಿ ಸುಟ್ಟುಹೋಗುತ್ತದೆ. ಅಡಾಪ್ಟರ್ ಮತ್ತು ಹಳಿಯ ನಡುವೆ ವೇಗ ನಿಯಂತ್ರಕ, ದಿಕ್ಕು ಬದಲಿಸುವ ಸ್ವಿಚ್, ಒಂದು ಆಂಪಿಯರ್ ಫ್ಯೂಸ್ ಇರಲಿ. 230 ವೋಲ್ಟ್ ತಂತಿಯನ್ನು ಲೇಔಟಿನ ಒಳಗೆ ತರಲೇಬೇಡಿ. ಮಕ್ಕಳ ಕೈ ಆಡುವ ಜಾಗ ಅದು.

ಎಂಜಿನ್ ಪಾಯಿಂಟ್ ಮೇಲೆ ಬಂದಾಗಲೆಲ್ಲ ನಿಂತುಬಿಡುತ್ತದೆ. ಬೆರಳಿನಿಂದ ತಳ್ಳಿದರೆ ಮಾತ್ರ ಹೋಗುತ್ತದೆ

ಎರಡು ಹಳಿ ಒಂದನ್ನೊಂದು ದಾಟುವ ಕೂಡುಮೂಲೆಯನ್ನು ನೋಡಿ. ಅಗ್ಗದ ಪಾಯಿಂಟ್‌ಗಳಲ್ಲಿ ಆ ಭಾಗ ಪ್ಲಾಸ್ಟಿಕ್. ಉದ್ದದ ಎಂಜಿನ್ ಬೇರೆ ಗಾಲಿಗಳಿಂದ ವಿದ್ಯುತ್ ಪಡೆದು ದಾಟಿಬಿಡುತ್ತದೆ, ದಕ್ಕೆಯ ಗಿಡ್ಡ ಎಂಜಿನ್ ಅಲ್ಲೇ ಸತ್ತು ನಿಲ್ಲುತ್ತದೆ. ಕೂಡುಮೂಲೆಯೂ ಲೋಹದ್ದೇ ಆಗಿರುವ ಪಾಯಿಂಟ್ ಕೊಳ್ಳಿ. ಈ ವಿನ್ಯಾಸದಲ್ಲಿ ಮೂರು ಹಳಿಗಳೂ ಕೊನೆ ಮುಚ್ಚಿದವು. ಹಾಗಾಗಿ ಶಂಟಿಂಗ್ ನೆಕ್ ಕಡೆಯಿಂದ ಮಾತ್ರ ವಿದ್ಯುತ್ ಕೊಟ್ಟರೆ ಸಾಕು, ಎಲ್ಲಿಯೂ ಹಳಿ ತುಂಡರಿಸಿ ಪ್ಲಾಸ್ಟಿಕ್ ಜೋಡಣೆ ಹಾಕುವ ಗೋಜಿಲ್ಲ. ಪಾಯಿಂಟ್ ಯಾವ ಕಡೆ ತಿರುಗಿದೆಯೋ ಆ ಹಳಿಗೆ ಮಾತ್ರ ವಿದ್ಯುತ್ ಹೋಗುತ್ತದೆ.

ಧೂಳಿಗೆ ಏನು ಮಾಡುತ್ತೀರಿ? ಉಪ್ಪುಕಾಗದದಿಂದ ಉಜ್ಜಬಹುದೇ?

ಉಪ್ಪುಕಾಗದ ಬೇಡ. ಅದು ಬಿಟ್ಟ ಗೀರುಗಳಲ್ಲೇ ಮತ್ತೆ ಕೊಳೆ ಕೂರುತ್ತದೆ. ಹಳೆಯ ಹತ್ತಿ ಪಂಚೆಯ ತುಂಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಗಾಲಿಗಳನ್ನೂ ಒರೆಸಿ, ಹಳಿ ಮಾತ್ರ ಸ್ವಚ್ಛವಾದರೆ ಸಾಲದು. ಆಟ ಮುಗಿದ ಮೇಲೆ ಹಳೆಯ ಸೀರೆ ಹೊದಿಸಿಡಿ.

ಬೇಸಿಗೆಯಲ್ಲಿ ನನ್ನ ಹಳಿ ಬಿಲ್ಲಿನಂತೆ ಎದ್ದುಬಿಟ್ಟಿತು. ಯಾಕೆ?

ಹಳಿಯ ತುದಿಗಳು ಒಂದಕ್ಕೊಂದು ತಾಗಿದ್ದವು. ಲೋಹ ಬಿಸಿಗೆ ಹಿಗ್ಗುತ್ತದೆ, ಮರ ಒಣ ಹವೆಗೆ ಕುಗ್ಗುತ್ತದೆ. ನಮ್ಮ ಏಪ್ರಿಲ್‌ನಲ್ಲಿ ಎರಡೂ ಒಟ್ಟಿಗೆ ಆಗುತ್ತವೆ. ಜೋಡಣೆಯಲ್ಲಿ ಅಂಚೆ ಕಾರ್ಡಿನ ದಪ್ಪದಷ್ಟು ಸಂದು ಬಿಡಿ.

ದಕ್ಕೆ, ನೀರು, ಸರಕು

ದಕ್ಕೆಯ ನೆಲದಲ್ಲಿ ಹಳಿ ಹುದುಗಿರುತ್ತದಲ್ಲ, ಅದನ್ನು ಮಾಡುವುದು ಹೇಗೆ?

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದೇ. ಬಂದರಿನಲ್ಲಿ ಲಾರಿ, ಕೈಗಾಡಿ, ಜನ ಎಲ್ಲರೂ ಹಳಿಯ ಮೇಲೆಯೇ ಓಡಾಡಬೇಕು. ಹಾಗಾಗಿ ನೆಲ ಹಳಿಯ ತಲೆಯವರೆಗೆ ಎದ್ದಿರುತ್ತದೆ.

ಹಳಿಗಳ ಹೊರಗಡೆ ಸನ್‌ಬೋರ್ಡ್ ಪಟ್ಟಿ ಅಂಟಿಸಿ. ನಡುವೆಯೂ ಅದನ್ನೇ ಹಾಕಿ, ಆದರೆ ಎರಡೂ ಬದಿಯಲ್ಲಿ ಗಾಲಿಯ ತುಟಿ ಹಾದುಹೋಗಲು ಸಂದು ಬೇಕು. ನಾನು ಮೊದಲ ಸಲ ಈ ಸಂದನ್ನು ಒಂದು ಮಿಲಿಮೀಟರ್ ಮಾಡಿದೆ, ನೋಡಲು ಚೆನ್ನಾಗಿತ್ತು. ಎಂಜಿನ್ ಎರಡಡಿ ಹೋಗಿ ಮೇಲೆ ಹತ್ತಿ ಕುಳಿತಿತು. ಎಲ್ಲವನ್ನೂ ಕಿತ್ತು ಮತ್ತೆ ಮಾಡಿದೆ. ಒಂದೂವರೆಯಿಂದ ಎರಡು ಮಿಲಿಮೀಟರ್ ಬಿಡಿ. ಪಟ್ಟಿಯ ಮೇಲೆ ಗೋಡೆಗೆ ಹಚ್ಚುವ ಪುಟ್ಟಿಯನ್ನು ತೆಳುವಾಗಿ ಬಳಿದು, ಹಸಿ ಇರುವಾಗಲೇ ಒಂದು ವ್ಯಾಗನ್ ಓಡಿಸಿ. ಗಾಲಿಯೇ ತನ್ನ ದಾರಿ ಕೊರೆದುಕೊಳ್ಳುತ್ತದೆ. ಕೂಡಲೇ ಗಾಲಿ ತೊಳೆದುಬಿಡಿ. ನೆಲ ಹಳಿಯ ತಲೆಗಿಂತ ಅರ್ಧ ಮಿಲಿಮೀಟರ್ ತಗ್ಗಿರಲಿ. ಇಲ್ಲದಿದ್ದರೆ ಹಳಿ ಒರೆಸುವಾಗ ನೆಲದ ಬಣ್ಣವೆಲ್ಲ ಬಟ್ಟೆಗೆ ಬರುತ್ತದೆ.

ನೀರಿಗೆ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ) ಸುರಿಯಬೇಕೇ? ನೀಲಿ ಬಣ್ಣ ಯಾವುದು ಹಾಕಿದಿರಿ?

ನೀಲಿಯೇ ಹಾಕಿಲ್ಲ. ಬಂದರಿನ ನೀರು ನೀಲಿಯಾಗಿರುವುದಿಲ್ಲ. ಮಂಗಳೂರಿನ ಹಳೆಯ ಬಂದರಿಗೆ ಹೋಗಿ ದಕ್ಕೆಯ ಅಂಚಿನಲ್ಲಿ ಬಗ್ಗಿ ನೋಡಿ. ಫಲ್ಗುಣಿಯೂ ನೇತ್ರಾವತಿಯೂ ತಂದ ಮಣ್ಣು ಬೆರೆತು, ಎಣ್ಣೆಯ ಪಸೆ ಕಟ್ಟಿ, ಪಾಚಿ ಹಸಿರಿಗೆ ಕಂದು ಕಲಸಿದಂತಿರುತ್ತದೆ. ನಾನು ನಯವಾದ ಪ್ಲೈವುಡ್ ಮೇಲೆ ಆ ಬಣ್ಣ ಬಳಿದು, ಗೋಡೆಯ ಬುಡದಲ್ಲಿ ಗಾಢ ಮಾಡಿ, ಮೇಲೆ ಆರು ಸಲ ಹೊಳಪಿನ ವಾರ್ನಿಷ್ ಹಚ್ಚಿದೆ. ಒಂದೊಂದು ಸಲಕ್ಕೂ ಒಂದು ದಿನದ ಬಿಡುವು. ಕೊನೆಯ ಎರಡು ಸಲ ಬ್ರಷ್ ಎಳೆಯದೆ ತುದಿಯಿಂದ ಕುಟ್ಟಿದರೆ ಸಣ್ಣ ಅಲೆಗಳು ಏಳುತ್ತವೆ. ರೆಸಿನ್ ಬೇಕೇ ಬೇಕು ಎನ್ನುವವರು ಎರಡು ಮೂರು ಮಿಲಿಮೀಟರ್‌ನಷ್ಟು ತೆಳು ಪದರಗಳಲ್ಲಿ ಸುರಿಯಿರಿ. ಒಟ್ಟಿಗೆ ಸುರಿದರೆ ಗಟ್ಟಿಯಾಗುವಾಗ ಅದೇ ಬಿಸಿಯಾಗಿ ಬಿರುಕು ಬಿಡುತ್ತದೆ.

ನಿಮ್ಮ ದಕ್ಕೆಯ ಗೋಡೆ ನಿಜವಾದ ಕಲ್ಲಿನಂತೆ ಕಾಣುತ್ತದೆ. ಗುಟ್ಟು ಏನು?

ಗುಟ್ಟು ಕಲ್ಲಿನಲ್ಲಿಲ್ಲ, ಉಬ್ಬರ ಇಳಿತದ ಗೆರೆಯಲ್ಲಿದೆ. ನೀರಿನಿಂದ ದಕ್ಕೆಯ ಮೇಲಿನವರೆಗೆ ನಿಜದಲ್ಲಿ ಎರಡೂವರೆ ಮೀಟರ್ ಎಂದುಕೊಂಡರೆ 1:87ರಲ್ಲಿ 29 ಮಿಲಿಮೀಟರ್. ಸನ್‌ಬೋರ್ಡ್ ಮೇಲೆ ಬಾಲ್‌ಪೆನ್ ಒತ್ತಿ ಕೆಂಪು ಮುರಕಲ್ಲಿನ ಗೆರೆ ಎಳೆದೆ, ಒಂದೊಂದು ಕಲ್ಲು ನಾಲ್ಕೂವರೆ ಮಿಲಿಮೀಟರ್ ಉದ್ದ, ಎರಡೂಕಾಲು ಎತ್ತರ.

ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದು, ಒಂದೂವರೆ ಮೀಟರ್ ಅಂತರ. ಎಂದರೆ ಗೋಡೆಯ ಕೆಳಗಿನ ಹದಿನೈದು ಮಿಲಿಮೀಟರ್ ದಿನಕ್ಕೆ ಎರಡು ಸಲ ಮುಳುಗಿ ಏಳುತ್ತದೆ. ನೀರಿಗೆ ತಾಗಿದ ಪಟ್ಟಿ ಕಪ್ಪು, ಅದರ ಮೇಲೆ ಲೋಳೆ ಹಸಿರು, ಹಸಿರು ಮುಗಿಯುವಲ್ಲಿ ಕಪ್ಪೆಚಿಪ್ಪು ಅಂಟಿದ ಬಿಳಿ ಚುಕ್ಕೆಗಳು. ಚುಕ್ಕೆಗೆ ಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಿಡಿಸಿದೆ. ಮೇಲಿನ ಅಂಚು ಮಟ್ಟವಾಗಿರಲಿ, ಕೆಳಗೆ ಮಾತ್ರ ಸೋರಿದಂತಿರಲಿ. ಹಗ್ಗ ಕಟ್ಟುವ ಗೂಟಗಳ ಕೆಳಗೆ ತುಕ್ಕು ಇಳಿದ ಒಂದೊಂದು ಗೆರೆ ಎಳೆದುಬಿಟ್ಟರೆ ಗೋಡೆಗೆ ವಯಸ್ಸು ಬರುತ್ತದೆ.

ಹಡಗು ಎಷ್ಟು ದೊಡ್ಡದಿರಬೇಕು?

ಹಡಗು ಬೇಡ, ಕರಾವಳಿಯ ಸರಕು ದೋಣಿಯಾದ ಮಂಜಿ ಇಡಿ. ನೂರು ಮೀಟರ್ ಹಡಗು 1:87ರಲ್ಲಿ 115 ಸೆಂಟಿಮೀಟರ್ ಆಗುತ್ತದೆ, ನಿಮ್ಮ ರೈಲನ್ನು ನುಂಗಿಬಿಡುತ್ತದೆ. ಇಪ್ಪತ್ತು ಮೀಟರಿನ ಮರದ ಮಂಜಿ 23 ಸೆಂಟಿಮೀಟರ್. ನೀರಿನ ಮಟ್ಟದಿಂದ ಕೆಳಗಿನ ಒಡಲನ್ನು ಮಾಡಲೇಬೇಡಿ.

ಅಂಡಿಗೆ, ಮೂಟೆ, ಹೆಂಚು ಇವನ್ನೆಲ್ಲ ಮನೆಯಲ್ಲೇ ಮಾಡಿದ್ದೇ? ಮೂಟೆಗೆ ಮಂಡಕ್ಕಿ ಹಾಕಬಹುದೇ?

ಮಂಡಕ್ಕಿಯ ಊರಿನಲ್ಲಿ ಈ ಪ್ರಶ್ನೆ ಬರಲೇಬೇಕು, ನನಗೂ ಮೊದಲು ಹೊಳೆದದ್ದು ಅದೇ. ತೊಂಬತ್ತು ಸೆಂಟಿಮೀಟರ್ ಮೂಟೆ 1:87ರಲ್ಲಿ ಒಂದು ಸೆಂಟಿಮೀಟರ್. ಭಟ್ಟಿಯ ಉದ್ದ ಮಂಡಕ್ಕಿ ಕಾಳೂ ಸರಿಸುಮಾರು ಅಷ್ಟೇ, ನಡು ಉಬ್ಬಿ ತುದಿ ಚೂಪಾಗಿ ತುಂಬಿದ ಚೀಲದ ಆಕಾರವೇ. ಕಂದು ಬಣ್ಣ ಬಳಿದು ಇಪ್ಪತ್ತು ಜೋಡಿಸಿದೆ, ಯಾರೂ ಗುರುತಿಸಲಿಲ್ಲ. ಎಂಟು ದಿನಕ್ಕೆ ಇರುವೆಗಳು ಗುರುತಿಸಿದವು. ಈಗ ನಲ್ಲಿ ಸೋರಿಕೆಗೆ ಹಚ್ಚುವ ಎಂ-ಸೀಲ್ ಅನ್ನು ಅದೇ ಆಕಾರಕ್ಕೆ ಹೊಸೆದು, ಹಸಿ ಇರುವಾಗ ಬ್ಯಾಂಡೇಜ್ ಬಟ್ಟೆ ಒತ್ತಿ ಗೋಣಿಯ ನೇಯ್ಗೆ ಮೂಡಿಸುತ್ತೇನೆ. ತಿನ್ನುವ ವಸ್ತು ಯಾವುದನ್ನೂ ಲೇಔಟಿನ ಮೇಲೆ ಇಡಬೇಡಿ.

ಹತ್ತಿ ಅಂಡಿಗೆಗೆ ಮರದ ಚೂರು, ಹದಿಮೂರು ಮಿಲಿಮೀಟರ್ ಉದ್ದ. ಬ್ಯಾಂಡೇಜ್ ಬಟ್ಟೆ ಸುತ್ತಿ, ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿ, ಹಾಳಾದ ಇಯರ್‌ಫೋನಿನ ತಾಮ್ರದ ಎಳೆಯನ್ನು ಪಟ್ಟಿಯಂತೆ ಬಿಗಿಯಿರಿ. ಒಂದೆರಡು ಅಂಡಿಗೆಯ ಮೂಲೆ ಹರಿದು ನಿಜವಾದ ಹತ್ತಿ ಇಣುಕಲಿ. ಗೋದಾಮಿನ ಮಾಡಿಗೆ ಮಂಗಳೂರು ಹೆಂಚೇ ಸರಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅದು ಪಡುವಣ ಕರಾವಳಿಯ ಬಂದರುಗಳ ಮಾಡುಗಳಿಗೆಲ್ಲ ಏರಿತು.

ಕೈ ಪಳಗಿದವರಿಗೆ

ನಾನು ಮೀಟರ್ ಗೇಜನ್ನೇ ಸರಿಯಾದ ಅಳತೆಯಲ್ಲಿ ಮಾಡಬೇಕು. 16.5 ಮಿಲಿಮೀಟರ್ ಸುಳ್ಳಲ್ಲವೇ?

ಸುಳ್ಳೇ. 1:87ರಲ್ಲಿ ಒಂದು ಮೀಟರ್ 11.5 ಮಿಲಿಮೀಟರ್ ಆಗುತ್ತದೆ. ಅದಕ್ಕೆ ಎಚ್‌ಒಎಂ ಎಂಬ 12 ಮಿಲಿಮೀಟರ್ ಹಳಿ ಇದೆ, ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ರೈಲುಗಳ ಮಾದರಿಗೆ ಅದು ಚೆನ್ನಾಗಿ ಬಳಕೆಯಲ್ಲಿದೆ. ಹಳಿ ಮತ್ತು ಎಂಜಿನ್ನಿನ ತಳ ಅಲ್ಲಿಂದ ತಂದು, ಮೇಲಿನ ಒಡಲನ್ನು ನೀವೇ ಕಟ್ಟಬೇಕು. ಬ್ರಾಡ್ ಗೇಜ್‌ನವರಿಗೂ ಸಮಾಧಾನವಿಲ್ಲ: 1,676 ಮಿಲಿಮೀಟರ್ 1:87ರಲ್ಲಿ 19.3 ಆಗುತ್ತದೆ, ಹಳಿ 16.5 ಇದೆ. ಹುದುಗಿದ ಹಳಿಯಲ್ಲಿ ಸ್ಲೀಪರ್ ಕಾಣದಿರುವುದರಿಂದ ದಕ್ಕೆಯ ಮೇಲೆ ಈ ವ್ಯತ್ಯಾಸ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಮೈಸೂರು, ಹುಬ್ಬಳ್ಳಿ ರೈಲು ವಸ್ತುಸಂಗ್ರಹಾಲಯಗಳಿಗೆ ಟೇಪು ಹಿಡಿದು ಹೋಗಿ, ಹಳೆಯ ಗಾಡಿಗಳನ್ನು ಹತ್ತಿರದಿಂದ ನೋಡಿ ಅಳತೆ ಬರೆದುಕೊಳ್ಳಿ.

ಕೈ ಹಾಕದೆ ವ್ಯಾಗನ್ ಬಿಡಿಸುವ ಉಪಾಯ ಇದೆಯೇ?

ಅಯಸ್ಕಾಂತಕ್ಕೆ ಸ್ಪಂದಿಸುವ, ಕೇಡಿ (Kadee) ಎಂಬ ಕಂಪನಿಯ ಕೊಂಡಿಗಳು ಬರುತ್ತವೆ. ಹಳಿಯ ಅಡಿಯಲ್ಲಿ ಅಯಸ್ಕಾಂತ ಹುದುಗಿಸಿದರೆ, ಅದರ ಮೇಲೆ ನಿಂತು ತುಸು ಹಿಂದೆ ಸರಿದಾಗ ಕೊಂಡಿ ಬಿಚ್ಚಿಕೊಳ್ಳುತ್ತದೆ. ದಕ್ಕೆಯ ನೆಲ ಮುಚ್ಚುವ ಮೊದಲೇ ಇದನ್ನು ಹಾಕಿ ಪರೀಕ್ಷಿಸಬೇಕು. ಬಿಡಿ ಅಯಸ್ಕಾಂತಗಳನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತಿಡಿ, ಎರಡನ್ನು ನುಂಗಿದರೆ ಜೀವಕ್ಕೇ ಅಪಾಯ. ನಾನು ಮಾತ್ರ ಊದುಬತ್ತಿಯ ಬಿದಿರು ಕಡ್ಡಿಯ ತುದಿಯನ್ನು ಚಪ್ಪಟೆ ಕೆತ್ತಿ ಅದರಿಂದಲೇ ಬಿಡಿಸುತ್ತೇನೆ. ಕೊಂಡಿ ಬಿಚ್ಚುವ ಕೆಲಸಗಾರನ ಜಾಗದಲ್ಲಿ ನಾನೇ ಇದ್ದಂತಾಗುತ್ತದೆ.

ಡಿಜಿಟಲ್ ನಿಯಂತ್ರಣ ಬೇಕೇ?

ಒಂದೇ ಎಂಜಿನ್‌ಗೆ ಬೇಡ. ಎರಡನೆಯದು ಬಂದು ಎರಡೂ ಒಟ್ಟಿಗೆ ಓಡಬೇಕೆಂದರೆ, ಇಲ್ಲವೇ ಎಂಜಿನ್ ಸದ್ದು ಕೇಳಬೇಕೆಂದರೆ ಆಗ ಯೋಚಿಸಿ.

ಮುಂದೆ ದೊಡ್ಡದು ಮಾಡುವ ಮನಸ್ಸಾದರೆ ಇದನ್ನು ಒಡೆಯಬೇಕೇ?

ಒಡೆಯಬೇಡಿ. ಶಂಟಿಂಗ್ ನೆಕ್ ಇರುವ ತುದಿಯ ಹಲಗೆಯಲ್ಲಿ ಈಗಲೇ ಆರು ಸೆಂಟಿಮೀಟರ್ ಅಗಲ, ಎಂಟು ಸೆಂಟಿಮೀಟರ್ ಎತ್ತರದ ಕಿಂಡಿ ಕೊಯ್ದಿಡಿ, ಮುಂದೆ ಒಂದು ಗೋದಾಮಿನ ಬಾಗಿಲು ನಿಲ್ಲಿಸಿ ಮರೆಮಾಡಿ. ನನ್ನದರಲ್ಲಿ ಆ ಬಾಗಿಲು ಎರಡು ವರ್ಷ ಮುಚ್ಚಿಯೇ ಇತ್ತು. ಕಳೆದ ದೀಪಾವಳಿ ರಜೆಯಲ್ಲಿ ಅದನ್ನು ತೆಗೆದು, ಆಚೆ ಕಡೆ ಒಂದು ಮೀಟರ್ ಉದ್ದದ ಹಲಗೆ ಸೇರಿಸಿದೆ. ಮೇಲೆ ಒಂದೇ ಹಳಿ, ಅಕ್ಕಪಕ್ಕ ಜಾಲಿ ಗಿಡ, ಕರಿ ಮಣ್ಣಿನ ಹತ್ತಿ ಹೊಲ. ಅಂಡಿಗೆ ಹೇರಿದ ವ್ಯಾಗನ್‌ಗಳು ಈಗ ಅಲ್ಲಿಂದ ಹೊರಟು ಆ ಕಿಂಡಿಯಲ್ಲಿ ನುಸುಳಿ ದಕ್ಕೆಗೆ ಬರುತ್ತವೆ.